ಪಿಯುಸಿ ಆಯ್ತು, ಮುಂದೇನು? ನಿಮ್ಮ ದಾರಿ ನೀವೇ ಆರಿಸಿಕೊಳ್ಳುವ ಬಗೆ

ದ್ವಿತೀಯ ಪಿಯುಸಿ ಫಲಿತಾಂಶ ಬಂದ ದಿನ ಮನೆಗೆ ಬರುವ ಫೋನುಗಳಲ್ಲಿ ಮೊದಲ ಪ್ರಶ್ನೆ "ಎಷ್ಟು ಪರ್ಸೆಂಟ್?", ಎರಡನೆಯದು "ಮುಂದೇನು?" ಎರಡನೆಯದಕ್ಕೆ ನಿಮ್ಮ ಬಳಿ ಉತ್ತರ ಇಲ್ಲದಿದ್ದರೆ ಮಾವನೋ ದೊಡ್ಡಪ್ಪನೋ ಟ್ಯೂಷನ್ ಸರ್ರೋ ಉತ್ತರ ಕೊಡುತ್ತಾರೆ. ಅವರಿಗೆ ನಿಮ್ಮ ಮೇಲೆ ಪ್ರೀತಿ ಇಲ್ಲವೆಂದಲ್ಲ. ಆದರೆ ಮುಂದಿನ ನಾಲ್ಕು ವರ್ಷ ಬೆಳಿಗ್ಗೆ ಎದ್ದು ಆ ತರಗತಿಗೆ ಹೋಗಿ ಕೂರುವವರು ನೀವು.

"ಜೀವನದಲ್ಲಿ ಒಂದು ಗುರಿ ಇರಬೇಕು" ಎಂದು ಎಲ್ಲರೂ ಹೇಳುತ್ತಾರೆ. ಗುರಿ ಎಲ್ಲಿ ಸಿಗುತ್ತದೆ ಎಂದು ಯಾರೂ ಹೇಳುವುದಿಲ್ಲ. ಕೂತು ಯೋಚಿಸಿದರೆ ಅದು ಹೊಳೆಯುವುದಿಲ್ಲ. ಒಂದಷ್ಟು ಕೆಲಸಗಳಿಗೆ ನಿಜವಾಗಿ ಕೈಹಾಕಬೇಕು. ಯಾವ ಕೆಲಸದ ಬೇಸರವನ್ನೂ ತಡೆದುಕೊಂಡು ಮತ್ತೆ ಅದರ ಹತ್ತಿರ ಹೋಗುತ್ತೀರೋ, ಗುರಿ ಅದರ ಸುತ್ತ ನಿಧಾನವಾಗಿ ಕಟ್ಟಿಕೊಳ್ಳುತ್ತದೆ. ಇಲ್ಲಿರುವುದೆಲ್ಲ ಆ ಕೈಹಾಕುವ ಕೆಲಸದ ಬಗ್ಗೆಯೇ.

ಸಮಯ ನಿಮ್ಮ ಕೈಯಲ್ಲಿದೆ. ಸಾಮಾನ್ಯವಾಗಿ ಮಾರ್ಚ್ ಹೊತ್ತಿಗೆ ಬೋರ್ಡ್ ಪರೀಕ್ಷೆ, ಏಪ್ರಿಲ್‌ನಲ್ಲಿ ಸಿಇಟಿ ಮುಗಿಯುತ್ತವೆ. ಸೀಟು ಹಂಚಿಕೆ ಶುರುವಾಗುವುದು ಜೂನ್ ಮೇಲೆ. ನಡುವೆ ಆರೇಳು ವಾರ ಸಿಗುತ್ತದೆ. ಫಲಿತಾಂಶ ಬಂದಮೇಲೆ ನೋಡೋಣ ಎಂದು ಆ ವಾರಗಳನ್ನು ಬಿಟ್ಟುಬಿಡುವುದೇ ಎಲ್ಲಕ್ಕಿಂತ ದೊಡ್ಡ ತಪ್ಪು.

ಮೊದಲ ಎರಡು ವಾರ: ನೋಟ್‌ಬುಕ್

ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. 14 ದಿನ, ರಾತ್ರಿ ಮಲಗುವ ಮುಂಚೆ ಮೂರೇ ಸಾಲು ಬರೆಯಿರಿ: ಇವತ್ತು ಯಾರೂ ಹೇಳದೆ ನಾನಾಗಿ ಏನು ಮಾಡಿದೆ, ಯಾವುದರಲ್ಲಿ ಹೊತ್ತು ಹೋದದ್ದೇ ತಿಳಿಯಲಿಲ್ಲ, ಯಾವುದನ್ನು ನಾಳೆಗೆ ತಳ್ಳಿದೆ. ಜೊತೆಗೆ ಎಷ್ಟು ನಿಮಿಷ ಎಂದು ಅಂಕಿಯಲ್ಲಿ ಬರೆಯಿರಿ.

ಇಲ್ಲಿ ಬಹಳ ಜನ ಎಡವುವುದು ಒಂದೇ ಕಡೆ. "ನನಗೆ ಡಾಕ್ಟರ್ ಇಷ್ಟ", "ನನಗೆ ಐಎಎಸ್ ಇಷ್ಟ" ಎಂದು ಬರೆದುಬಿಡುತ್ತಾರೆ. ಅದು ಪದವಿಯ ಹೆಸರು, ಕೆಲಸವಲ್ಲ. ಕೆಲಸವೆಂದರೆ ಕ್ರಿಯಾಪದ: ಬಿಚ್ಚಿದೆ, ಜೋಡಿಸಿದೆ, ಲೆಕ್ಕ ಹಾಕಿದೆ, ಬಿಡಿಸಿ ಹೇಳಿದೆ, ಬೆಳೆಸಿದೆ, ಬರೆದೆ, ಚೌಕಾಸಿ ಮಾಡಿದೆ, ಸಮಾಧಾನ ಮಾಡಿದೆ. ಒಂದು ಪುಟ ಹೀಗಿರಬಹುದು:

"ಮಿಕ್ಸಿ ಜಾರ್ ಸೋರುತ್ತಿತ್ತು. ಬ್ಲೇಡ್ ಬಿಚ್ಚಿ ವಾಷರ್ ನೋಡಿದೆ, ಹರಿದಿತ್ತು. ಅಂಗಡಿಗೆ ಹೋಗಿ ತಂದು ಹಾಕಿದೆ. ಮೊದಲ ಸಲ ಉಲ್ಟಾ ಕೂರಿಸಿದ್ದೆ, ಮತ್ತೆ ಬಿಚ್ಚಿದೆ. 70 ನಿಮಿಷ. ತಳ್ಳಿದ್ದು: ಚಿಕ್ಕಮ್ಮನ ಮಗಳಿಗೆ ಇಂಗ್ಲಿಷ್ ಹೇಳಿಕೊಡುವುದು, ಮೂರನೇ ದಿನ."

ಹದಿನಾಲ್ಕನೇ ದಿನ ಎಲ್ಲ ಪುಟ ಓದಿ, ಮತ್ತೆ ಮತ್ತೆ ಬಂದ ಕ್ರಿಯಾಪದಗಳಿಗೆ ಕೆಂಪು ಗೆರೆ ಎಳೆಯಿರಿ. ನಾಲ್ಕೈದು ಉಳಿಯುತ್ತವೆ. ಮೊಬೈಲ್ ನೋಡಿದ್ದು ಬಂದಿದ್ದರೆ ನಾಚಿಕೊಂಡು ಅಳಿಸಬೇಡಿ. ಏನು ನೋಡಿದಿರಿ ಎಂದು ಪಕ್ಕದಲ್ಲಿ ಬರೆಯಿರಿ. ದಿನಾ ಅಡುಗೆ ವಿಡಿಯೋ ನೋಡುವವರಿಗೂ ದಿನಾ ಎಂಜಿನ್ ಬಿಚ್ಚುವ ವಿಡಿಯೋ ನೋಡುವವರಿಗೂ ವ್ಯತ್ಯಾಸವಿದೆ. ಆದರೆ ನೋಡಿದ್ದಕ್ಕೆ ಅರ್ಧ ಅಂಕ ಮಾತ್ರ, ಪೂರ್ತಿ ಅಂಕ ಮಾಡಿದ್ದಕ್ಕೆ.

ಪಟ್ಟಿ ದೊಡ್ಡದು ಮಾಡಿಕೊಳ್ಳಿ

ಎಂಜಿನಿಯರಿಂಗ್, ಮೆಡಿಕಲ್, ಬಿಕಾಂ ಎಂಬ ಮೂರೇ ಬಾಗಿಲು ಇವೆಯೆಂದು ನಂಬಿಕೊಂಡವರಿಗೆ ಆಯ್ಕೆ ಎಂಬುದೇ ಇರುವುದಿಲ್ಲ. ಎಂಜಿನಿಯರಿಂಗ್‌ಗೆ ಬರೆಯುವ ಅದೇ ಸಿಇಟಿಯಿಂದ ಬಿಎಸ್ಸಿ ಕೃಷಿ, ತೋಟಗಾರಿಕೆ, ಶಿರಸಿ ಅಥವಾ ಪೊನ್ನಂಪೇಟೆಯ ಅರಣ್ಯ ಕಾಲೇಜು, ಮಂಗಳೂರಿನ ಮೀನುಗಾರಿಕಾ ಕಾಲೇಜು, ಚಿಂತಾಮಣಿಯ ರೇಷ್ಮೆ ಕೃಷಿ ಕಾಲೇಜಿಗೂ ಹೋಗಬಹುದು. ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆ ಇದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತು ಮತ್ತು ಕೇಳುವಿಕೆಯ ತೊಂದರೆಗೆ ಚಿಕಿತ್ಸೆ ಕೊಡುವುದನ್ನು ಕಲಿಸುತ್ತಾರೆ. ಸಿಎ ಮಾಡಲು ಪದವಿ ಮುಗಿಯುವವರೆಗೆ ಕಾಯಬೇಕಿಲ್ಲ. ಪಿಯುಸಿ ಆದಮೇಲೆ ಫೌಂಡೇಶನ್ ಪರೀಕ್ಷೆ ಬರೆಯಬಹುದು. ಎಸ್ಎಸ್ಎಲ್‌ಸಿ ಮುಗಿಸಿದ ತಮ್ಮನೋ ತಂಗಿಯೋ ಇದನ್ನು ಓದುತ್ತಿದ್ದರೆ, ಜಿಟಿಟಿಸಿಯ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಟೂಲ್ ಅಂಡ್ ಡೈ, ಅಂದರೆ ಕಾರ್ಖಾನೆಯ ಉಪಕರಣ ಮತ್ತು ಅಚ್ಚು ತಯಾರಿಸುವ ಡಿಪ್ಲೊಮಾ ನೋಡಿ: ನಾಲ್ಕು ವರ್ಷ, ಕೊನೆಯ ವರ್ಷ ಕಾರ್ಖಾನೆಯಲ್ಲೇ ತರಬೇತಿ. ಪಾಲಿಟೆಕ್ನಿಕ್ ಮುಗಿಸಿದವರು ಡಿಸಿಇಟಿ (ಡಿಪ್ಲೊಮಾ ಆದವರ ಪ್ರವೇಶ ಪರೀಕ್ಷೆ) ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು.

ಕೆಂಪು ಗೆರೆಯ ಕ್ರಿಯಾಪದಗಳನ್ನೂ ಈ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ಮೂರು ದಾರಿ ಆರಿಸಿ. ಮೂರೇ ಸಾಕು. ಎಂಟು ಇಟ್ಟುಕೊಂಡರೆ ಒಂದನ್ನೂ ಸರಿಯಾಗಿ ನೋಡಲಾಗುವುದಿಲ್ಲ.

ಆ ಕೆಲಸ ಮಾಡುವವರನ್ನು ಮಾತಾಡಿಸಿ

ಪ್ರತಿ ದಾರಿಗೆ ಮೂವರು ಬೇಕು: ಈಗ ಎರಡನೇ ವರ್ಷ ಓದುತ್ತಿರುವವರೊಬ್ಬರು, ಕೆಲಸಕ್ಕೆ ಸೇರಿ ಮೂರ್ನಾಲ್ಕು ವರ್ಷ ಆದವರೊಬ್ಬರು, ಅರ್ಧಕ್ಕೆ ಬಿಟ್ಟುಬಂದವರೊಬ್ಬರು. ಮೂರನೆಯವರನ್ನು ಯಾರೂ ಹುಡುಕುವುದಿಲ್ಲ, ಆದರೆ ಹೆಚ್ಚು ಕಲಿಸುವವರು ಅವರೇ. ಗೆದ್ದವರನ್ನಷ್ಟೇ ಕೇಳಿದರೆ ಎಲ್ಲ ದಾರಿಯೂ ಚೆನ್ನಾಗಿಯೇ ಕಾಣುತ್ತದೆ.

ಗುರುತಿಲ್ಲದವರಿಗೆ ಮೆಸೇಜ್ ಹೀಗೆ ಕಳಿಸಬಹುದು: "ನಮಸ್ಕಾರ ಸರ್. ನಾನು ಸೆಕೆಂಡ್ ಪಿಯುಸಿ ಮುಗಿಸಿದ್ದೇನೆ. ಬಿಎಸ್ಸಿ ಅಗ್ರಿಗೆ ಸೇರುವ ಯೋಚನೆ ಇದೆ. ನಿಮ್ಮ ಕೆಲಸದ ಬಗ್ಗೆ ನಾಲ್ಕು ಪ್ರಶ್ನೆ ಕೇಳಬೇಕಿತ್ತು. ಹದಿನೈದು ನಿಮಿಷ ಬಿಡುವು ಯಾವಾಗ ಇರುತ್ತೆ ಹೇಳಿದರೆ ಆಗ ಫೋನ್ ಮಾಡ್ತೀನಿ." ಸಮಯ ಎಷ್ಟು, ಪ್ರಶ್ನೆ ಎಷ್ಟು ಎಂದು ಮೊದಲೇ ಹೇಳಿದ್ದರಿಂದ ಒಪ್ಪಿಕೊಳ್ಳುವುದು ಅವರಿಗೂ ಸುಲಭ.

"ಸ್ಕೋಪ್ ಹೇಗಿದೆ ಸರ್?" ಎಂದು ಮಾತ್ರ ಕೇಳಬೇಡಿ. ಅದಕ್ಕೆ ಬರುವ ಉತ್ತರ ಯಾವಾಗಲೂ "ಓದಿದರೆ ಎಲ್ಲದಕ್ಕೂ ಸ್ಕೋಪ್ ಇದೆ" ಎಂಬುದೇ. ಇವನ್ನು ಕೇಳಿ: ಹೋದ ಮಂಗಳವಾರ ಬೆಳಿಗ್ಗೆಯಿಂದ ಸಂಜೆವರೆಗೆ ಏನೇನು ಮಾಡಿದಿರಿ? ಈ ಕೆಲಸದಲ್ಲಿ ಎಲ್ಲಕ್ಕಿಂತ ಬೇಸರದ ಭಾಗ ಯಾವುದು? ಮೊದಲ ಸಂಬಳ ಬರಲು ಎಷ್ಟು ತಿಂಗಳು ಹಿಡಿಯಿತು? ಇವತ್ತು ಮತ್ತೆ ಹದಿನೇಳು ವರ್ಷದವರಾದರೆ ಏನು ಬೇರೆ ಮಾಡುತ್ತಿದ್ದಿರಿ? ಉತ್ತರಗಳನ್ನು ನೋಟ್‌ಬುಕ್‌ನಲ್ಲಿ ಅವರ ಮಾತಿನಲ್ಲೇ ಬರೆದುಕೊಳ್ಳಿ.

ಕಣ್ಣಾರೆ ನೋಡುವ ಅವಕಾಶವನ್ನೂ ಬಿಡಬೇಡಿ. ಪ್ರಥಮ ಪಿಯುಸಿಯಲ್ಲಿರುವವರಿಗೆ ಇನ್ನೂ ಒಂದು ವರ್ಷ ಇದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲೂ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲೂ ನಡೆಯುವ ಕೃಷಿಮೇಳದ ಮಳಿಗೆಗಳಲ್ಲಿ ವಿದ್ಯಾರ್ಥಿಗಳನ್ನು ಮಾತಾಡಿಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಂದು ದಿನ ತನ್ನ ಪ್ರಯೋಗಾಲಯಗಳನ್ನು ಸಾರ್ವಜನಿಕರಿಗೆ ತೆರೆದಿಡುತ್ತದೆ. ಕಾನೂನು ಓದುವ ಆಸೆ ಇದ್ದರೆ ನಿಮ್ಮ ಊರಿನ ನ್ಯಾಯಾಲಯಕ್ಕೆ ಹೋಗಿ, ಮೊಬೈಲ್ ಆಫ್ ಮಾಡಿ, ಹಿಂದಿನ ಬೆಂಚಿನಲ್ಲಿ ಒಂದು ಬೆಳಿಗ್ಗೆ ಸುಮ್ಮನೆ ಕೂತು ನೋಡಿ. ಸಾಮಾನ್ಯ ಪ್ರಕರಣಗಳ ಕಲಾಪ ಎಲ್ಲರಿಗೂ ಮುಕ್ತ. ಸಿನಿಮಾದ ವಾದಕ್ಕಿಂತ "ಮುಂದಿನ ದಿನಾಂಕ" ಎಂಬ ಮಾತೇ ಹೆಚ್ಚು ಕೇಳಿಸುತ್ತದೆ. ಅದನ್ನು ಕೇಳಿಯೂ ಆಸೆ ಉಳಿದರೆ ಅದು ಗಟ್ಟಿ ಆಸೆ.

ಇಪ್ಪತ್ತು ಗಂಟೆ ಮಾಡಿ ನೋಡಿ

ನೀರಿಗಿಳಿಯದೆ ಈಜು ಬಾರದು. ಆ ಮಾತುಕತೆಗಳ ನಂತರವೂ ಉಳಿದ ದಾರಿಗಳಲ್ಲಿ ಒಂದೊಂದಕ್ಕೂ 20 ಗಂಟೆ ಕೊಡಿ. ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ. ಒಂದೆರಡು ಗಂಟೆಯಲ್ಲಿ ಎಲ್ಲವೂ ಹೊಸದಾಗಿ, ಚೆಂದವಾಗಿ ಕಾಣುತ್ತದೆ. ಐದನೇ ದಿನದಿಂದ ಬೇಸರ ಶುರುವಾಗುತ್ತದೆ. ನಿಜವಾದ ಪರೀಕ್ಷೆ ಅಲ್ಲಿಂದ.

ಶಿಕ್ಷಕರಾಗುವ ಮನಸ್ಸಿದ್ದರೆ ಓಣಿಯ ಐದನೇ ತರಗತಿಯ ಮೂರು ಮಕ್ಕಳಿಗೆ ಹತ್ತು ದಿನ ಭಿನ್ನರಾಶಿ ಹೇಳಿಕೊಡಿ. ನರ್ಸಿಂಗ್ ಆದರೆ ಮನೆಯಲ್ಲೋ ನೆರೆಯಲ್ಲೋ ಇರುವ ಅಜ್ಜ ಅಜ್ಜಿಯ ಮಾತ್ರೆಯ ಹೊತ್ತು, ಊಟ, ಹಾಸಿಗೆ, ಸ್ನಾನ ಎಲ್ಲವನ್ನೂ ಹತ್ತು ದಿನ ನೀವೇ ನೋಡಿಕೊಳ್ಳಿ. ಮೆಕ್ಯಾನಿಕಲ್ ಆದರೆ ಗೊತ್ತಿರುವ ಗ್ಯಾರೇಜಿನಲ್ಲಿ ಕೈಗೆ ಗ್ರೀಸ್ ಮೆತ್ತಿಕೊಳ್ಳಿ.

ಕಾಮರ್ಸ್ ದಾರಿಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ, ಯಾಕೆಂದರೆ ಅದನ್ನು ಪರೀಕ್ಷಿಸುವುದು ಬಹಳ ಸುಲಭ. ಪರಿಚಯದ ಕಿರಾಣಿ ಅಂಗಡಿಯವರನ್ನು ಕೇಳಿ ಒಂದು ತಿಂಗಳ ಬಿಲ್ಲುಗಳನ್ನು ತನ್ನಿ. ದಿನಕ್ಕೊಂದು ಪುಟ: ಬೆಳಿಗ್ಗೆ ಗಲ್ಲಾದಲ್ಲಿದ್ದ ಹಣ, ಅದಕ್ಕೆ ವ್ಯಾಪಾರದಿಂದ ಬಂದದ್ದು ಸೇರಿಸಿ, ಸಾಮಾನು ಕೊಂಡದ್ದೂ ಖರ್ಚೂ ಕಳೆಯಿರಿ. ಉಳಿದದ್ದು ರಾತ್ರಿ ಎಣಿಸಿದ ಹಣಕ್ಕೆ ಸರಿಹೊಂದಬೇಕು. ಮೊದಲ ಸಲ ಹೊಂದುವುದಿಲ್ಲ. 270 ರೂಪಾಯಿ ವ್ಯತ್ಯಾಸ ಬಂತು ಎಂದುಕೊಳ್ಳಿ. ಅದು 9ರಿಂದ ಭಾಗವಾಗುತ್ತದೆ. ಹಾಗಿದ್ದಾಗ ಅಂಕಿ ಅದಲುಬದಲಾಗಿರಬಹುದು, 580 ಎಂಬುದನ್ನು 850 ಎಂದು ಬರೆದಿರಬಹುದು. ಹಾಗೆ ಸಿಗದಿದ್ದರೆ ಬರೆದಿಡದ ಉದ್ರಿ ಇರಬಹುದು. ಆ 270 ರೂಪಾಯಿ ಎಲ್ಲಿ ಹೋಯಿತು ಎಂದು ರಾತ್ರಿ ಹನ್ನೊಂದಕ್ಕೂ ಹುಡುಕುತ್ತಾ ಕೂತಿದ್ದರೆ ಲೆಕ್ಕಪತ್ರ ನಿಮ್ಮನ್ನು ಹಿಡಿದುಕೊಂಡಿದೆ. "270 ತಾನೇ, ಬಿಡು" ಎನಿಸಿದರೆ ಅದೂ ಒಳ್ಳೆಯ ಸುದ್ದಿಯೇ, ಮೂರು ವರ್ಷ ಉಳಿಯಿತು.

ಎಲ್ಲ ದಾರಿಗೂ ಇದೇ ಅಳತೆ: ತಪ್ಪಾದಾಗ ಅದನ್ನು ಸರಿಮಾಡಬೇಕು ಎಂಬ ಹಟ ಬರುತ್ತದೆಯೋ, ಎದ್ದುಹೋಗಬೇಕು ಎನಿಸುತ್ತದೆಯೋ? ಚೆನ್ನಾಗಿ ಮಾಡಿದಿರಾ ಎಂಬುದು ಹತ್ತು ದಿನಕ್ಕೆ ಗೊತ್ತಾಗುವ ಸಂಗತಿಯಲ್ಲ. ಅದಕ್ಕೆ ಅಂಕ ಕೊಟ್ಟುಕೊಳ್ಳಲು ಹೋಗಬೇಡಿ.

ಆತ್ಮವಿಶ್ವಾಸ ಎಲ್ಲಿಂದ ಬರುತ್ತದೆ

ಕನ್ನಡಿ ಮುಂದೆ ನಿಂತು "ನನ್ನಿಂದ ಸಾಧ್ಯ" ಎಂದು ಹೇಳಿಕೊಂಡರೆ ಆ ಹೊತ್ತಿಗೆ ಹಿತ ಎನಿಸಬಹುದು. ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ, ಮನುಷ್ಯನಿಗೆ ತನ್ನ ಮೇಲಿರುವ ನಂಬಿಕೆ ನಾಲ್ಕು ಕಡೆಯಿಂದ ಬರುತ್ತದೆ ಎಂದು ತೋರಿಸಿದರು: ತಾನೇ ಮಾಡಿ ಮುಗಿಸಿದ ಕೆಲಸ, ತನ್ನಂಥವರು ಮಾಡಿದ್ದನ್ನು ಕಂಡದ್ದು, ಬೇರೆಯವರ ಭರವಸೆಯ ಮಾತು, ಆ ಹೊತ್ತಿನ ದೇಹ-ಮನಸ್ಸಿನ ಸ್ಥಿತಿ. ನಾಲ್ಕರಲ್ಲಿ ಎಲ್ಲಕ್ಕಿಂತ ಬಲವಾದದ್ದು ಮೊದಲನೆಯದು.

ಹಾಗಾಗಿ ನಂಬಿಕೆ ಬಂದಮೇಲೆ ಶುರುಮಾಡುತ್ತೇನೆ ಎಂದು ಕಾಯಬೇಡಿ, ಕ್ರಮ ತಲೆಕೆಳಗು. ಇವತ್ತಿನ ಶಕ್ತಿಗಿಂತ ಒಂದೇ ಒಂದು ಮೆಟ್ಟಿಲು ಮೇಲಿರುವ ಕೆಲಸ ಹಿಡಿದು ಮುಗಿಸಿ, ದಿನಾಂಕ ಹಾಕಿ ಬರೆದಿಡಿ. ಮೆಟ್ಟಿಲು ತೀರಾ ಎತ್ತರವಾದರೆ ಬಿದ್ದು "ನನ್ನ ಕೈಲಾಗದು" ಎಂಬ ಪಾಠ ಕಲಿಯುತ್ತೀರಿ. ತೀರಾ ಗಿಡ್ಡವಾದರೆ ಮುಗಿಸಿದರೂ ಮನಸ್ಸು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಂಗ್ಲಿಷ್ ಮಾತಾಡಲು ಹೆದರುವವರು ಭಾಷಣ ಸ್ಪರ್ಧೆಗೆ ಹೆಸರು ಕೊಡುವುದು ಬೇಡ. ಮೊದಲ ವಾರ ಒಬ್ಬ ಗೆಳೆಯನ ಮುಂದೆ ಎರಡು ನಿಮಿಷ, ಎರಡನೇ ವಾರ ಮೂವರ ಮುಂದೆ ಐದು ನಿಮಿಷ, ಮೂರನೇ ವಾರ ಕಾಲೇಜಿನ ಆಫೀಸಿಗೆ ಫೋನ್ ಮಾಡಿ ಇಂಗ್ಲಿಷ್‌ನಲ್ಲೇ ಒಂದು ಮಾಹಿತಿ ಕೇಳುವುದು.

ಬಂಡೂರ ಹೇಳಿದ ಎರಡನೆಯದರ, ಅಂದರೆ ತನ್ನಂಥವರು ಮಾಡಿದ್ದನ್ನು ಕಾಣುವುದರ ವಿಷಯದಲ್ಲಿ, ಪತ್ರಿಕೆಯಲ್ಲಿ ಫೋಟೋ ಬಂದ ಟಾಪರ್‌ಗಿಂತ ನಿಮ್ಮದೇ ಊರಿನ ಸರ್ಕಾರಿ ಕಾಲೇಜಿನಿಂದ, ನಿಮ್ಮಷ್ಟೇ ಅಂಕ ಪಡೆದು ಹೋದ ಅಕ್ಕನ ಉದಾಹರಣೆ ಹೆಚ್ಚು ಕೆಲಸಕ್ಕೆ ಬರುತ್ತದೆ. ಇನ್ನು ಎದೆ ಡವಗುಟ್ಟುವುದು, ಕೈ ಬೆವರುವುದು ಹೇಡಿತನದ ಗುರುತಲ್ಲ. ಮುಖ್ಯವಾದದ್ದು ಎದುರಾದಾಗ ದೇಹ ಸಿದ್ಧವಾಗುವ ರೀತಿ ಅದು.

ಅಂಕ ಕಡಿಮೆ ಬಂದವರಿಗೆ ಒಂದು ಮಾತು. ದ್ವಿತೀಯ ಪಿಯುಸಿಗೆ ಈಗ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಫೇಲಾದ ವಿಷಯವನ್ನಷ್ಟೇ ಅಲ್ಲ, ಕಡಿಮೆ ಬಂದ ವಿಷಯವನ್ನೂ ಮತ್ತೆ ಬರೆಯಬಹುದು. ಊಟ ನಿದ್ದೆ ಬಿಟ್ಟು, ಯಾರ ಜೊತೆಯೂ ಮಾತು ಬೇಡವಾಗಿ, ಬದುಕೇ ಬೇಡ ಎನಿಸುತ್ತಿದ್ದರೆ ಈ ನೋಟ್‌ಬುಕ್ ಪಕ್ಕಕ್ಕಿಡಿ. ಮನೆಯವರೊಬ್ಬರಿಗೆ ಈಗಲೇ ಹೇಳಿ, 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ-ಮನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮನೆಯಲ್ಲಿ ಮಾತಾಡುವುದು

ಬಹಳ ಮಕ್ಕಳು ಸೋಲುವುದು ಇಲ್ಲಿ, ಅದೂ ಆಯ್ಕೆ ತಪ್ಪಾಗಿದ್ದಕ್ಕಲ್ಲ, ಹೇಳಿದ ಹೊತ್ತು ತಪ್ಪಾಗಿದ್ದಕ್ಕೆ. ಅಪ್ಪ ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿರುವಾಗ, ನೆಂಟರ ಎದುರು, ಅಥವಾ ಬೇರೆ ಯಾವುದೋ ಜಗಳದ ನಡುವೆ ಈ ಮಾತು ತೆಗೆಯಬೇಡಿ. ಮೊದಲು ಅಮ್ಮನಿಗೋ ಅಜ್ಜಿಗೋ ಹೇಳಿ, ಅವರ ಅನುಮಾನಗಳನ್ನು ಕೇಳಿಕೊಳ್ಳಿ. ಅಪ್ಪ ಕೇಳಲಿರುವುದೂ ಹೆಚ್ಚುಕಡಿಮೆ ಅವನ್ನೇ. ಆಮೇಲೆ ಸಮಯ ಕೇಳಿ: "ಅಪ್ಪ, ಭಾನುವಾರ ಊಟ ಆದ್ಮೇಲೆ ಅರ್ಧ ಗಂಟೆ ಬೇಕಿತ್ತು. ಕಾಲೇಜಿನ ವಿಷಯ. ಒಂದು ಹಾಳೇಲಿ ಬರ್ಕೊಂಡಿದೀನಿ, ನೀವು ನೋಡಿ ಹೇಳ್ಬೇಕು."

ಆ ಹಾಳೆಯಲ್ಲಿ ಮೊದಲು ದುಡ್ಡಿನ ಲೆಕ್ಕ ಇರಲಿ. ವರ್ಷದ ಫೀಸು, ಹಾಸ್ಟೆಲ್ ಮತ್ತು ಊಟ, ಪುಸ್ತಕ-ಸಲಕರಣೆ, ಬಸ್ಸು. ಎಲ್ಲವನ್ನೂ ಕೋರ್ಸಿನ ಒಟ್ಟು ವರ್ಷಗಳಿಂದ ಗುಣಿಸಿ. ಹಾಸ್ಟೆಲ್ ತಿಂಗಳಿಗೆ 6,000 ಎಂದರೆ ಸಣ್ಣದಾಗಿ ಕೇಳಿಸುತ್ತದೆ. ವರ್ಷಕ್ಕೆ ಹತ್ತು ತಿಂಗಳಂತೆ ನಾಲ್ಕು ವರ್ಷಕ್ಕೆ 2,40,000. ಆ ಅಂಕಿಯನ್ನು ಅಪ್ಪ ಹುಡುಕಿ ಹೇಳುವ ಮುಂಚೆ ನೀವೇ ಹೇಳಿದರೆ ಮಾತಿನ ತೂಕ ಬದಲಾಗುತ್ತದೆ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸು ಉಚಿತ. ಮನೆಯಿಂದಲೇ ಓಡಾಡುವ ಲೆಕ್ಕ ಬೇರೆ ಸಾಲಿನಲ್ಲಿ ಹಾಕಿ. ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ಎಸ್ಎಸ್‌ಪಿ ಪೋರ್ಟಲ್ ನೋಡಿ. ಜಾತಿ-ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಏಪ್ರಿಲ್‌ನಲ್ಲೇ ಅರ್ಜಿ ಹಾಕಿ, ಜೂನ್‌ನಲ್ಲಿ ಎಲ್ಲರೂ ಅಲ್ಲೇ ಸಾಲಿನಲ್ಲಿರುತ್ತಾರೆ.

ಹಾಳೆಯ ಕೆಳಭಾಗದಲ್ಲಿ ಎರಡನೇ ದಾರಿ ಬರೆದಿಡಿ, ದಿನಾಂಕದ ಸಮೇತ: "ಮೊದಲ ವರ್ಷದ ಕೊನೆಗೆ ಎಲ್ಲ ವಿಷಯ ಪಾಸಾಗದಿದ್ದರೆ ನೀವು ಹೇಳಿದ ಕೋರ್ಸಿನ ಬಗ್ಗೆ ಮತ್ತೆ ಕೂತು ಮಾತಾಡೋಣ." ಹಟಕ್ಕೆ ಬಿದ್ದ ಮಗು ಎನಿಸುವುದಿಲ್ಲ, ಜವಾಬ್ದಾರಿ ಹೊತ್ತವರು ಎನಿಸುತ್ತದೆ.

"ಜನ ಏನಂತಾರೆ" ಎಂಬ ಮಾತು ಬಂದೇ ಬರುತ್ತದೆ. ಅದರ ಹಿಂದೆ ಹೆಚ್ಚಿನ ಸಲ ಇರುವುದು ನಿಮ್ಮ ಭವಿಷ್ಯದ ಭಯ. "ಜನ ಏನಾದ್ರೂ ಅನ್ಲಿ" ಎಂದು ಎದುರುತ್ತರ ಕೊಟ್ಟರೆ ಮಾತು ಅಲ್ಲಿಗೇ ಮುಗಿಯುತ್ತದೆ. "ನಿಮಗೆ ಯಾವುದರ ಬಗ್ಗೆ ಹೆದರಿಕೆ ಅಪ್ಪ, ಕೆಲಸ ಸಿಗಲ್ಲ ಅಂತಾನಾ, ದೂರ ಅಂತಾನಾ?" ಎಂದು ಕೇಳಿ. ದೂರ ಎಂಬುದಾದರೆ ಹಾಸ್ಟೆಲ್ ತೋರಿಸಲು ಅಪ್ಪ ಅಮ್ಮನನ್ನು ಕರೆದುಕೊಂಡೇ ಹೋಗಿ. ನೂರು ಮಾತಿಗಿಂತ ಆ ಒಂದು ಪ್ರಯಾಣ ಹೆಚ್ಚು ಕೆಲಸ ಮಾಡುತ್ತದೆ. ಅದೇ ದಿನ ಒಪ್ಪಿಗೆ ಕೇಳಬೇಡಿ, ಒಂದು ವಾರ ಬಿಡಿ.

ಮನೆಯ ಸ್ಥಿತಿ ನಿಜಕ್ಕೂ ಕಷ್ಟವಿದ್ದು, ಬೇಗ ದುಡಿಯಲೇಬೇಕು ಎಂದಿದ್ದರೆ ಅದನ್ನು ಸೋಲು ಎಂದು ತಿಳಿಯಬೇಡಿ. ನಿಮ್ಮ ಕೆಂಪು ಗೆರೆಯ ಕ್ರಿಯಾಪದಕ್ಕೆ ಹೊಂದುವ, ಬೇಗ ಸಂಬಳ ಬರುವ ದಾರಿ ಯಾವುದು ಎಂದು ಹುಡುಕಿ. ಇಕ್ಕಟ್ಟಿನ ಜಾಗದಲ್ಲೂ ಎಡಕ್ಕೋ ಬಲಕ್ಕೋ ಎಂದು ನೀವೇ ನಿರ್ಧರಿಸಿದ್ದರೆ ಮುಂದಿನ ಕಷ್ಟ ಹೊರುವುದು ಹಗುರ.

ಆಪ್ಷನ್ ಎಂಟ್ರಿ ನಿಮ್ಮ ಕೈಯಲ್ಲೇ ಆಗಲಿ

ಇಷ್ಟೆಲ್ಲ ಮಾಡಿ ಕೊನೆಗೆ ಸೈಬರ್ ಸೆಂಟರಿನವರು "ಇದನ್ನ ಮೇಲೆ ಹಾಕಿ, ಇದು ಸಿಗುತ್ತೆ" ಎಂದದ್ದಕ್ಕೆ ತಲೆಯಾಡಿಸಿ ಬರುವವರಿದ್ದಾರೆ. ಅರ್ಜಿಗೆ ನಿಮ್ಮದೋ ಅಪ್ಪ ಅಮ್ಮನದೋ ಮೊಬೈಲ್ ಸಂಖ್ಯೆಯನ್ನೇ ಕೊಡಿ. ಒಟಿಪಿ ಬರುವುದು ಅದಕ್ಕೆ. ಪಾಸ್‌ವರ್ಡ್ ನಿಮ್ಮಲ್ಲೇ ಇರಲಿ.

ಆಪ್ಷನ್ ಎಂಟ್ರಿ ಎಂದರೆ ಬೇಕಾದ ಕಾಲೇಜು-ಕೋರ್ಸುಗಳನ್ನು ಕ್ರಮವಾಗಿ ತುಂಬುವುದು. ಆ ಪಟ್ಟಿಯನ್ನು ಮೊದಲು ಕಾಗದದ ಮೇಲೆ ಬರೆಯಿರಿ. ನಿಮ್ಮ ರ‍್ಯಾಂಕಿನ ಸರದಿ ಬಂದಾಗ ಕೆಇಎ (ಸಿಇಟಿ ನಡೆಸಿ ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ವ್ಯವಸ್ಥೆ ನಿಮ್ಮ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ನೋಡಿ, ಸಿಗಬಹುದಾದ ಮೊದಲನೆಯದನ್ನು ಕೊಡುತ್ತದೆ. ಮೇಲೆ ಕಷ್ಟದ ಸೀಟು ಬರೆದರೆ ಕೆಳಗಿನದಕ್ಕೆ ಏನೂ ನಷ್ಟವಿಲ್ಲ. ಆದ್ದರಿಂದ ಕ್ರಮ ನಿಮ್ಮ ಇಷ್ಟದ್ದೇ ಇರಲಿ, ಸಿಗುವ ಸಾಧ್ಯತೆಯದ್ದಲ್ಲ. ಸಿಕ್ಕರೂ ಸೇರುವುದಿಲ್ಲ ಎನ್ನುವ ಕಾಲೇಜನ್ನು ಬರೆಯಲೇಬೇಡಿ. ಅಣಕು ಹಂಚಿಕೆಯ (ನಿಜವಾದ ಹಂಚಿಕೆಗೆ ಮುಂಚಿನ ಪ್ರಯೋಗ) ಫಲಿತಾಂಶ ಬಂದಮೇಲೆ ಕ್ರಮ ತಿದ್ದಲು ಅವಕಾಶವಿರುತ್ತದೆ. ಆಗ ಬಂದ ಸೀಟನ್ನು ನೋಡಿ ಹೊಟ್ಟೆಯೊಳಗೆ ಏನಾಯಿತು ಎಂಬುದನ್ನೂ ಗಮನಿಸಿ.

ಸೀಟು ಬಂದಮೇಲೆ ನಾಲ್ಕು ಛಾಯ್ಸ್. ಒಂದನೆಯದು, ಒಪ್ಪಿದೆ, ಸೇರುತ್ತೇನೆ. ಎರಡನೆಯದು, ಇದನ್ನು ಹಿಡಿದುಕೊಂಡು ಮುಂದಿನ ಸುತ್ತಿನಲ್ಲಿ ಮೇಲಿನ ಆಯ್ಕೆಗೆ ಕಾಯುತ್ತೇನೆ. ಮೂರನೆಯದು, ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ನಾಲ್ಕನೆಯದು, ಈ ಪ್ರಕ್ರಿಯೆಯಿಂದಲೇ ಹೊರಗೆ. ಎಡವಟ್ಟಾಗುವುದು ಎರಡು ಮತ್ತು ಮೂರರಲ್ಲಿ. ಎರಡರಲ್ಲಿ ಮೇಲಿನ ಸೀಟು ಸಿಕ್ಕರೆ ಹಳೆಯದು ತಾನಾಗಿ ಹೋಗುತ್ತದೆ, ಮತ್ತೆ ಸಿಗುವುದಿಲ್ಲ. ಮೂರರಲ್ಲಿ ಕೈಯಲ್ಲಿದ್ದ ಸೀಟು ಅಂದೇ ಹೋಯಿತು. ಮುಂದೆ ಏನೂ ಸಿಗದಿರುವ ಅಪಾಯ ನಿಮ್ಮದು. ಶುಲ್ಕ ಮತ್ತು ಕೊನೆಯ ದಿನಾಂಕದ ನಿಯಮ ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಆ ವರ್ಷದ ಕೆಇಎ ಸೂಚನೆಯನ್ನು ನೀವೇ ಪೂರ್ತಿ ಓದಿ, ಅಣ್ಣನ ವರ್ಷದ ನೆನಪನ್ನು ನಂಬಬೇಡಿ.

ಸೇರಿದ ಮೇಲೆ

ಮೊದಲ ಆರು ವಾರ "ತಪ್ಪು ಮಾಡಿದೆನಾ" ಎಂಬ ಯೋಚನೆ ಎಲ್ಲರಿಗೂ ಬರುತ್ತದೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷ್ ಪಾಠ, ಹಳ್ಳಿಯಿಂದ ಬಂದವರಿಗೆ ಹಾಸ್ಟೆಲ್ ಊಟ, ಎಲ್ಲ ಸೇರಿ ಕೋರ್ಸಿನ ಮೇಲೆಯೇ ಸಿಟ್ಟು ಬರುತ್ತದೆ. ಹಾಗಾಗಿ ಆ ಅವಧಿಯಲ್ಲಿ ಯಾವ ತೀರ್ಮಾನವನ್ನೂ ಮಾಡಬೇಡಿ. ಮೊದಲ ಸೆಮಿಸ್ಟರಿನ ಕೊನೆಗೆ ಒಂದು ದಿನಾಂಕ ಹಾಕಿಕೊಂಡು, ಅಂದು ಮತ್ತೆ ನೋಟ್‌ಬುಕ್ ತೆಗೆಯಿರಿ. ಬೇಸರ ಊರಿನದೋ, ಭಾಷೆಯದೋ, ವಿಷಯದ್ದೋ? ಮೊದಲ ಎರಡಕ್ಕೆ ಕಾಲವೂ ಅಭ್ಯಾಸವೂ ಮದ್ದು. ಲ್ಯಾಬಿನಲ್ಲಿ ತಪ್ಪಾದ ಪ್ರಯೋಗವನ್ನು ಮತ್ತೆ ಮಾಡಬೇಕು ಎಂದು ಒಂದು ಸಲವೂ ಅನಿಸದಿದ್ದರೆ ಅದು ವಿಷಯದ ಬೇಸರ.

ಹಾಗಿದ್ದರೆ ಎರಡನೇ ವರ್ಷದ ಫೀಸು ಕಟ್ಟುವ ಮುಂಚೆ ಮನೆಯಲ್ಲಿ ಹೇಳಿ. ಸೇರುವಾಗ ಕೊಟ್ಟ ಮೂಲ ಅಂಕಪಟ್ಟಿ, ಟಿಸಿ ವಾಪಸ್ ಪಡೆಯುವ ನಿಯಮವನ್ನು ಕಾಲೇಜಿನಲ್ಲಿ ಲಿಖಿತವಾಗಿ ಕೇಳಿ. ಪಿಯುಸಿ ಅಂಕ ಎಲ್ಲಿಗೂ ಹೋಗುವುದಿಲ್ಲ, ಸಿಇಟಿಯನ್ನು ಮತ್ತೆ ಬರೆಯಬಹುದು. ಅದಕ್ಕೂ ಮೊದಲು ಹೊಸ ದಾರಿಗೆ ಇನ್ನೊಂದು ಇಪ್ಪತ್ತು ಗಂಟೆ ಕೊಡಿ.